ಊಟಕ್ಕೆ ಮೊದಲು ಹತ್ತು ನಿಮಿಷ

ನ್ಯಾಮತಿಯ ನಮ್ಮ ಬಾಡಿಗೆ ಮನೆಯಲ್ಲಿ ದೇವರ ಪಟಗಳಿಗಿಂತ ಒಂದು ಗೇಣು ಮೇಲೆ ವೇಳಾಪಟ್ಟಿ ಇತ್ತು. ಬಿಳಿ ಡ್ರಾಯಿಂಗ್ ಹಾಳೆ, ಸ್ಕೇಲಿಟ್ಟು ಎಳೆದ ಗೆರೆಗಳು, ಹೊತ್ತಿಗೆ ಕೆಂಪು ಶಾಯಿ, ಕೆಲಸಕ್ಕೆ ನೀಲಿ. ಮೈದಾ ಅಂಟು ಹಚ್ಚಿ ಅದನ್ನು ಅಡಿಗೆಮನೆ ಬಾಗಿಲ ಪಕ್ಕ ಅಂಟಿಸಿದವರು ಅಪ್ಪಾಜಿ. ಅವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಐದಕ್ಕೆ ಏಳುವುದು. ಐದು ಗಂಟೆ ಐದು ನಿಮಿಷಕ್ಕೆ ತಾಮ್ರದ ಚೊಂಬಿನ ನೀರು, ಅದೂ ಕೂತು, ಗುಟುಕು ಗುಟುಕಾಗಿ. ಐದೂವರೆಗೆ ವ್ಯಾಯಾಮ. ಏಳಕ್ಕೆ ಮೊಳಕೆ ಹೆಸರುಕಾಳು ಒಂದು ಹಿಡಿ. ಹಿಡಿ ಎಂದರೆ ತಿನ್ನುವವರ ಹಿಡಿ, ಬಡಿಸುವವರದಲ್ಲ. ಹೀಗೆ ಇಳಿಯುತ್ತಾ ಬಂದು ಸಂಜೆ ಏಳೂವರೆಗೆ ಊಟ, ಎಂಟಕ್ಕೆ ನೂರು ಹೆಜ್ಜೆ ನಡಿಗೆ, ಒಂಬತ್ತಕ್ಕೆ ಎಡಮಗ್ಗುಲಲ್ಲಿ ನಿದ್ದೆ. ಆಟ ಇತ್ತು, ಓದು ಇತ್ತು, ಶನಿವಾರದ ಕಾಲಂನಲ್ಲಿ ಉಗುರು ಕತ್ತರಿಸುವುದೂ ಇತ್ತು. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದೇ ಆ ಹಾಳೆಯ ಮುಂದೆ ನಿಂತು. ಬೇರೆ ಮಕ್ಕಳಿಗೆ ಮೊದಲು ಓದಲು ಬಂದ ಪದ ಅಮ್ಮ, ಮನೆ, ಮರ ಇರಬೇಕು. ನನ್ನದು ‘ಮಲವಿಸರ್ಜನೆ’. ಅವ್ವ ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಈಗ ನಾನಿರುವ ಚನ್ನಗಿರಿಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆ ಮೇಲೆ ಜಿಮ್ ಆಗಿದೆ. ಮೊಣಕಾಲು ನೋವೆಂದು ನಾನೂ ವಾರಕ್ಕೆ ಮೂರು ದಿನ ಹೋಗುತ್ತೇನೆ. ಹೇಳಿಕೊಡುವ ಹುಡುಗಿ ನನ್ನ ಮಗಳ ವಯಸ್ಸಿನವಳು. ಏನು ತಿಂದಿರಿ, ಎಷ್ಟೊತ್ತಿಗೆ ತಿಂದಿರಿ, ಬರೆದಿಡಿ ಆಂಟಿ ಎನ್ನುತ್ತಾಳೆ. ಮೊನ್ನೆ, ನಿಧಾನಕ್ಕೆ ಅಗಿದು ತಿನ್ನಿ, ಊಟ ಮಾಡುವಾಗ ಟಿವಿ ನೋಡಬೇಡಿ, ಮಾತಾಡಬೇಡಿ ಎಂದಳು. ನಾನು ಊಟ ಮಾಡುವುದು ಒಬ್ಬಳೇ, ಯಾರ ಹತ್ತಿರ ಮಾತಾಡಲಿ ಎಂದು ಅವಳಿಗೆ ಹೇಳಲಿಲ್ಲ. ಆಗಲಿ ಎಂದು ತಲೆ ಆಡಿಸಿದೆ. ಮನೆಗೆ ಬಂದು ತಟ್ಟೆ ಮುಂದೆ ಕೂತಾಗ ನ್ಯಾಮತಿಯ ಮನೆ ನೆನಪಾಯಿತು, ಅದರ ಸದ್ದು ಸಮೇತ.

ಆ ಮನೆ ಒಂದರ ಹಿಂದೊಂದು ಪೋಣಿಸಿದ ಮೂರು ಕೋಣೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಕೊನೆಗೆ ಅಡಿಗೆಮನೆ. ಹಿತ್ತಲಲ್ಲಿ ಬಚ್ಚಲು, ಒಂದು ನುಗ್ಗೆ ಮರ. ನಡುಮನೆಗೆ ಕಿಟಕಿ ಇರಲಿಲ್ಲ. ಹೆಂಚಿನ ನಡುವೆ ಕೂರಿಸಿದ್ದ ಒಂದು ಗಾಜಿನಿಂದ ಬೆಳಕು ಬಿದ್ದು, ಹಗಲೆಲ್ಲ ನೆಲದ ಮೇಲೆ ಸರಿಯುತ್ತಾ ಹೋಗುತ್ತಿತ್ತು. ಅಲ್ಲೇ ನಮ್ಮ ವ್ಯಾಯಾಮ. ಬೆಳಗಿನ ಐದೂವರೆಗೆ ಅಪ್ಪಾಜಿ ಬಿಳಿ ಬನಿಯನ್ನು, ಖಾಕಿ ಚಡ್ಡಿಯಲ್ಲಿ ಮುಂದೆ ನಿಲ್ಲುತ್ತಿದ್ದರು. ಹಿಂದೆ ನಾನು, ನನ್ನ ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಅವ್ವ. ಕೈ ಮೇಲೆ, ಕೈ ಪಕ್ಕಕ್ಕೆ, ಬೆನ್ನು ಬಗ್ಗಿಸದೆ ಮೊಣಕಾಲು ಮಾತ್ರ. ಮನೆಯೊಳಗೆ ಸೀಟಿ ಊದುತ್ತಿರಲಿಲ್ಲ ಎಂಬುದೊಂದೇ ರಿಯಾಯಿತಿ. ಬಸ್ಕಿಗೆ ಬಂದಾಗ ಅವ್ವ ಪ್ರತಿದಿನವೂ ನಿಂತುಬಿಡುತ್ತಿದ್ದಳು.

“ಒಲಿ ಮುಂದೆ ದಿನಕ್ಕೆ ಎಷ್ಟು ಸಲ ಕುಂತು ಏಳ್ತೀನಿ, ಅದು ಬಸ್ಕಿ ಅಲ್ಲೇನ್ರಿ?”

“ಅದು ಕೆಲಸ. ಇದು ವ್ಯಾಯಾಮ.”

“ಮೊಣಕಾಲಿಗೆ ಗೊತ್ತಾಗ್ತತೇನ್ರಿ ಯಾವುದು ಕೆಲಸ, ಯಾವುದು ವ್ಯಾಯಾಮ ಅಂತ?”

ಅಪ್ಪಾಜಿಗೆ ಸಿಟ್ಟು ಬರುತ್ತಿರಲಿಲ್ಲ. ಉಸಿರಿನ ಲೆಕ್ಕ ತಪ್ಪಿತೆಂದು ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು, ಅಷ್ಟೆ. ಅವ್ವ ಬಿಳಿಚೋಡಿನವಳು. ತವರಿನಲ್ಲಿ ಅಣ್ಣ ತಮ್ಮಂದಿರು, ಅವರ ಹೆಂಡಿರು ಮಕ್ಕಳು ಎಲ್ಲ ಸೇರಿ ಹದಿನಾಲ್ಕು ಜನ. ಶೇಂಗಾ ಬಿಡಿಸುತ್ತಾ, ರೊಟ್ಟಿ ತಟ್ಟುತ್ತಾ, ತಲೆ ಬಾಚುತ್ತಾ ಮಾತಾಡಿಯೇ ಬೆಳೆದವಳು. ಮದುವೆಯಾಗಿ ಬಂದಾಗ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ನಾನು ಹುಟ್ಟಿ ಮೂವರಾದೆವು. ಅಪ್ಪಾಜಿ, ನಾನು ಇಬ್ಬರೂ ಹಗಲು ಶಾಲೆಗೆ ಹೋದರೆ ಆ ಮೂರು ಕೋಣೆಗೆ ಅವಳೊಬ್ಬಳೇ. ಕೈಪಂಪಿನ ಬೋರಿಂಗ್ ಹತ್ತಿರ ಕೊಡ ತುಂಬುವಷ್ಟು ಹೊತ್ತು ನೆರೆಯವರ ಜೊತೆ ಮಾತು. ಅಲ್ಲೂ, ಪಂಪು ಕೆಳಗೆ ಒತ್ತುವಾಗ ಉಸಿರು ಬಿಡಬೇಕು, ಮೇಲೆ ಎತ್ತುವಾಗ ತಗೋಬೇಕು, ಮಾತಾಡಿದರೆ ಸೊಂಟ ಹಿಡಿಯುತ್ತದೆ ಎಂದು ಅಪ್ಪಾಜಿ ಹೇಳಿಕೊಟ್ಟಿದ್ದರು.

ಊರಿಗೆಲ್ಲ ಅಪ್ಪಾಜಿಯ ಸಲಹೆ ಬೇಕಾಗಿತ್ತು. ಸಂಜೆ ಐದೂವರೆ ಆಗುತ್ತಲೂ ನಮ್ಮ ಜಗಲಿಗೆ ಜನ. ಬೆನ್ನು ನೋವಿನ ಟೈಲರು, ಪೊಲೀಸ್ ಸೆಲೆಕ್ಷನ್ನಿಗೆ ಎದೆ ಸುತ್ತಳತೆ ಸಾಲದ ಯುವಕರು, ಹೆರಿಗೆಯಾಗಿ ಸೊಂಟ ಬಿದ್ದುಹೋಯಿತೆಂದು ಬರುವ ಹೆಂಗಸರು. ಅಪ್ಪಾಜಿ ಅವರ ನಡಿಗೆ ನೋಡಿ, ಕಣ್ಣಿನ ಕೆಳರೆಪ್ಪೆ ಎಳೆದು ರಕ್ತ ನೋಡಿ, ನುಗ್ಗೆ ಸೊಪ್ಪು ತಿನ್ನು, ಮೈದಾ ಬಿಡು, ದಿಂಬು ತೆಗಿ ಎಂದು ಹೇಳಿ ಕಳಿಸುತ್ತಿದ್ದರು. ತಪ್ಪದೆ ಬರುತ್ತಿದ್ದವರು ಅಡಿಕೆ ಮಂಡಿಯ ರುದ್ರಣ್ಣ ಸಾವ್ಕಾರರು. ಅವರ ಹೊಟ್ಟೆ ನಮ್ಮ ಬಾಗಿಲೊಳಗೆ ಅವರಿಗಿಂತ ಮುಂಚೆ ಬರುತ್ತಿತ್ತು.

“ಮೇಷ್ಟ್ರೇ, ನೀವು ಹೇಳ್ದಂಗೆ ಅನ್ನ ಬಿಟ್ಟೀನಿ.”

“ಮತ್ತೆ ಹೊಟ್ಟೆ ಯಾಕೆ ಹಂಗೇ ಐತೆ?”

“ಅನ್ನದ ಬದ್ಲು ಎರಡು ರೊಟ್ಟಿ ಜಾಸ್ತಿ ಮಾಡೀನಿ.”

“ಎರಡೋ?”

“ನಾಲ್ಕು ಅಂತ ಇಟ್ಕೊಳ್ರಿ. ಸುಮ್ನೆ ಬಾಯಿ ಬಿಡಿಸಬ್ಯಾಡ್ರಿ.”

ಅಪ್ಪಾಜಿ ಶಿಕ್ಷಕರ ಯಾವುದೋ ತರಬೇತಿಗೆ ಹೋಗಿ ವಾರ ಬಿಟ್ಟು ವಾಪಸಾದಾಗ ಹೊಸ ನಿಯಮವೊಂದನ್ನು ತಂದರು. ಒಂದೊಂದು ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು. ಹಲ್ಲು ಮೂವತ್ತೆರಡು, ಹಲ್ಲಿಗೊಂದು ಸಲ. ಅಗಿಯುವಾಗ ಮಾತಾಡಿದರೆ ಗಾಳಿ ಒಳಗೆ ಹೋಗುತ್ತದೆ, ಅದೇ ಎಲ್ಲ ರೋಗದ ಮೂಲ. ಅವ್ವ ಕನ್ನಡಿ ಮುಂದೆ ನಿಂತು ಬೆರಳಿನಿಂದ ಎಣಿಸಿ ಬಂದು, “ನನಗಿರೋದು ಇಪ್ಪತ್ತೆಂಟು. ನಾಲ್ಕು ಮಾಫಿ ಮಾಡ್ರಿ” ಎಂದಳು. ಅಪ್ಪಾಜಿ ಯೋಚಿಸಿ, “ಆಗಲಿ, ನಿನಗೆ ಇಪ್ಪತ್ತೆಂಟು” ಎಂದರು. ಅವರು ತಮಾಷೆಗೆ ಹೇಳಲಿಲ್ಲ. ಅಂದಿನಿಂದ ಏಳೂವರೆಗೆ ನಾವು ಮೂವರೂ ಅಡಿಗೆಮನೆಯ ಚಾಪೆ ಮೇಲೆ ಗೋಡೆಗೆ ಬೆನ್ನು ಕೊಡದೆ ಕೂತು, ವಿಭೂತಿ ಧರಿಸಿ, ಮೊದಲ ತುತ್ತು ಬಾಯಿಗಿಟ್ಟು ಎಣಿಸತೊಡಗುತ್ತಿದ್ದೆವು. ಯಾರಾದರೂ ಬಾಯಿ ತೆರೆದರೆ ಅಪ್ಪಾಜಿ ಎಡಗೈಯ ತೋರುಬೆರಳು ಎತ್ತುತ್ತಿದ್ದರು. ಕಬಡ್ಡಿ ಅಂಪೈರು ಔಟಾದವನಿಗೆ ತೋರಿಸುವಂಥದ್ದೇ ಬೆರಳು. ಜೋಳದ ರೊಟ್ಟಿಯನ್ನು ಮೂವತ್ತೆರಡು ಸಲ ಅಗಿದರೆ ಅದು ಹಿಟ್ಟಾಗಿ, ಸಿಹಿಯಾಗಿ, ಕೊನೆಗೆ ಯಾವ ರುಚಿಯೂ ಇಲ್ಲದೆ ನೀರಾಗುತ್ತದೆ. ಒಲೆಯ ಕೆಂಡ ಸಿಡಿಯುವುದು, ಹಿತ್ತಲಲ್ಲಿ ಬಚ್ಚಲ ನೀರು ಹನಿಯುವುದು, ಮೂರು ದವಡೆಗಳು. ಬೇರೆ ಸದ್ದಿಲ್ಲ. ಪಕ್ಕದ ಮನೆಯವರು ಊಟಕ್ಕೆ ಕೂತು ಉಪ್ಪಿನಕಾಯಿಗಾಗಿ ಜಗಳವಾಡುವುದು ಗೋಡೆಯಾಚೆ ಕೇಳುತ್ತಿತ್ತು. ಆ ಜಗಳ ಕೇಳಲು ನಾನು ಬಾಯಿ ನಿಲ್ಲಿಸಿ, ಎಣಿಕೆ ತಪ್ಪಿಸಿಕೊಂಡು ಮತ್ತೆ ಒಂದರಿಂದ ಹಿಡಿಯುತ್ತಿದ್ದೆ.

ನನಗೆ ಒಂಬತ್ತು ತುಂಬಿದ ವರ್ಷ. ಒಂದು ಸಂಜೆ ರುದ್ರಣ್ಣ ಸಾವ್ಕಾರರು ಬಂದು ಕೂತವರು ಏಳಲೇ ಇಲ್ಲ. ಮಲಬದ್ಧತೆಯಿಂದ ಹಿಡಿದು ಗೊರಕೆಯವರೆಗೆ ಅಪ್ಪಾಜಿ ಎಲ್ಲಕ್ಕೂ ನಿಧಾನವಾಗಿ, ಬಿಡಿಸಿ ಬಿಡಿಸಿ ಉತ್ತರ ಹೇಳಿದರು. ಅವ್ವ ಅಡಿಗೆಮನೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖ ಬೆಂಕಿಯ ಕಡೆಗಿತ್ತು. ಸಾವ್ಕಾರರು ಹೋದರು, ಏಳೂವರೆ ಆಯಿತು, ತಟ್ಟೆ ಹಾಕಿದಳು. ಎರಡನೇ ತುತ್ತಿಗೆ ಅವ್ವ, “ಬಿಳಿಚೋಡಿಂದ ಕಾಗದ ಬಂದೈತೆ. ನಮ್ಮ ಸಣ್ಣಣ್ಣನ ಮಗೂಗೆ ಹೆಸರಿಡ್ತಾರಂತೆ” ಎಂದಳು. ಅಪ್ಪಾಜಿಯ ಬೆರಳು ಮೇಲೆ ಹೋಯಿತು. ಅವ್ವ ಆ ಬೆರಳನ್ನೇ ನೋಡಿದಳು. ಬಾಯಿಯಲ್ಲಿದ್ದದ್ದನ್ನು ಅಗಿಯದೆ ನುಂಗಿದಳು.

“ಮಂಡಿ ಸಾವ್ಕಾರ್ರ ಹೊಟ್ಟಿ ಜೊತೆ ಒಂದು ತಾಸು ಮಾತಾಡಿದ್ರಿ. ನನಗೆ ಬೆರಳು ತೋರಿಸ್ತೀರಿ.”

ಅಪ್ಪಾಜಿ ತುತ್ತು ಮುಗಿಸುವವರೆಗೂ ಅಗಿದರು. ಆಮೇಲೆ ಹೇಳಿದರು:

“ಊಟ ಆದ್ಮೇಲೆ ಹೇಳು.”

“ಊಟ ಆದ್ಮೇಲೆ ನೂರು ಹೆಜ್ಜೆ. ಹೆಜ್ಜೆ ಆದ್ಮೇಲೆ ಎಡಮಗ್ಗುಲು. ಎಲ್ಲಿ ಬರದೀರ್ರಿ ನನ್ನ ಹೊತ್ತು? ತೋರಿಸ್ರಿ ಆ ಹಾಳ್ಯಾಗೆ.”

ಅಪ್ಪಾಜಿ ನಿಜವಾಗಿಯೂ ತಿರುಗಿ ಹಾಳೆಯ ಕಡೆ ನೋಡಿದರು. ಅವ್ವ ಎದ್ದು ಹಿತ್ತಲಿಗೆ ಹೋಗಿ ಕೈತೊಳೆದಳು. ಮರುದಿನ ಬೆಳಿಗ್ಗೆ ನೀಲಿ ಬಣ್ಣದ ಕೈಚೀಲಕ್ಕೆ ಮೂರು ಸೀರೆ ತುಂಬಿಕೊಂಡು, ಹೆಸರಿಡುವುದಕ್ಕೆ ಹೋಗಿ ಬರುತ್ತೇನೆಂದು ನನ್ನ ತಲೆ ಸವರಿ ಹೊನ್ನಾಳಿ ಬಸ್ಸು ಹತ್ತಿದಳು. ಹೆಸರಿಡುವುದು ಒಂದು ದಿನದ ಕೆಲಸ. ಅವಳು ಹೋಗಿ ಐದು ವಾರ ಆಯಿತು.

ಆ ಐದು ವಾರ ಅಪ್ಪಾಜಿ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು, ಅದರಲ್ಲಿ ಅನುಮಾನವಿಲ್ಲ. ರೊಟ್ಟಿ ತಟ್ಟಲು ಬರುತ್ತಿರಲಿಲ್ಲ, ಮುದ್ದೆ ಮಾಡುತ್ತಿದ್ದರು. ಬಸಳೆ, ನುಗ್ಗೆ, ಹುರುಳಿ ಕಟ್ಟು ಒಂದೂ ತಪ್ಪಲಿಲ್ಲ. ಭಾನುವಾರ ಎಳ್ಳೆಣ್ಣೆ ಹಚ್ಚಿ ನೀರು ಹಾಕುವಾಗ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಉಗುರು ಒತ್ತಿ ನೋಡಿ, “ರಕ್ತ ಐತೆ” ಎನ್ನುತ್ತಿದ್ದರು. ಅದು ಅವರ ಮೆಚ್ಚುಗೆಯ ಮಾತು. ಶಾಲೆಯಿಂದ ಬಂದು ಬೀಗ ತೆಗೆದರೆ ಮನೆಯೊಳಗೆ ಬೆಳಗಿನ ಗಾಳಿ ಹಾಗೇ ನಿಂತಿರುತ್ತಿತ್ತು. ನಡುಮನೆಯ ನೆಲದ ಮೇಲಿನ ಬೆಳಕಿನ ಚೌಕ ಗೋಡೆ ಹತ್ತಲು ಶುರು ಮಾಡಿರುತ್ತಿತ್ತು. ಅದು ಪೂರ್ತಿ ಹತ್ತಿ ಮುಗಿಸುವವರೆಗೂ ನಾನು ಅದರ ಜೊತೆ ಕೂತಿರುತ್ತಿದ್ದೆ. ಏಳೂವರೆಗೆ ನಾವಿಬ್ಬರೇ ಚಾಪೆ ಮೇಲೆ. ಮುದ್ದೆಯನ್ನು ಅಗಿಯಲಾಗುವುದಿಲ್ಲ, ನುಂಗಬೇಕು. ಆದ್ದರಿಂದ ಎಣಿಸುವ ಕೆಲಸವೂ ಇರಲಿಲ್ಲ. ಆದರೂ ನಾವು ಮಾತಾಡುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ.

“ಅಪ್ಪಾಜಿ, ಅವ್ವ ಯಾವಾಗ ಬರ್ತಾಳೆ?”

ಬೆರಳು ಏಳಲಿಲ್ಲ. ಅವರು ಸಾರಿನಲ್ಲಿ ಮುದ್ದೆ ಹೊರಳಿಸುತ್ತಾ ಇದ್ದರು. “ಬೆನ್ನು ನೆಟ್ಟಗೆ ಮಾಡು ಗೌರಿ” ಎಂದರು.

ಅವರು ಅವ್ವನಿಗೆ ಎರಡು ಕಾಗದ ಬರೆದರು. ಎರಡನ್ನೂ ಅಂಚೆ ಡಬ್ಬಕ್ಕೆ ಹಾಕಿದ್ದು ನಾನೇ. ಇನ್‌ಲ್ಯಾಂಡ್ ಕಾಗದ, ಅಂಟಿಸುವ ಮುನ್ನ ಓದಿದ್ದೆ. ಕ್ಷೇಮ, ಅತ್ತ ಕ್ಷೇಮವೆಂದು ನಂಬಿದ್ದೇನೆ ಎಂಬ ಸಾಲಿನ ನಂತರ, ಆ ಕಡೆ ಗಾಳಿ ಒಣ, ಹಿಮ್ಮಡಿ ಒಡೆಯುತ್ತದೆ, ಮಲಗುವ ಮುಂಚೆ ಹರಳೆಣ್ಣೆ ಹಚ್ಚು; ಶೇಂಗಾ ಹೊಸದು ಬಂದಿರುತ್ತದೆ, ಹಸಿಯದು ಹೆಚ್ಚು ತಿಂದರೆ ಪಿತ್ತ; ಬೆಳಗಿನ ನೀರು ಬಿಡಬೇಡ; ಎಡ ಮೊಣಕಾಲಿಗೆ ಬಸ್ಕಿ ಬೇಡ, ಕಾಲು ಚಾಚಿ ಬೆರಳು ಮುಟ್ಟು ಸಾಕು ಎಂದೆಲ್ಲ ಬರೆದಿದ್ದರು. ಬಾ ಎಂದು ಎಲ್ಲೂ ಇರಲಿಲ್ಲ. ಅವ್ವನ ಎಡ ಮೊಣಕಾಲು ನೋಯುತ್ತದೆಂದು ಅವರಿಗೆ ಗೊತ್ತಿತ್ತು ಎಂಬುದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಕೊನೆಗೆ ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನನ್ನನ್ನು ಕರೆದುಕೊಂಡು ಹೊರಟರು. ಹೊನ್ನಾಳಿ, ದಾವಣಗೆರೆ, ಅಲ್ಲಿಂದ ಜಗಳೂರಿನ ಬಸ್ಸು. ಬಿಳಿಚೋಡಿನಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಅಂಗಳದಲ್ಲಿ ಶೇಂಗಾ ರಾಶಿಯ ಸುತ್ತ ಹೆಂಗಸರು ಕೂತಿದ್ದರು. ಅವರ ನಡುವೆ ಅವ್ವ, ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಳು. ನಮ್ಮನ್ನು ನೋಡಿ ನಗು ನಿಲ್ಲಿಸಿದಳು. ಅಜ್ಜಿ ಎದ್ದು ಬಂದು ಅಪ್ಪಾಜಿಗೆ ಕಾಲಿಗೆ ನೀರು ಕೊಟ್ಟು ಹೇಳಿದ್ದು ಹೀಗೆ:

“ನಿಮ್ಮ ಕಾಗದ ಬಂದ್ವಪ್ಪ ಅಳಿಯಂದಿರೇ. ಓದಿಸಿ ಕೇಳಿದ್ವಿ. ದಾವಣಗೆರೆ ಡಾಕ್ಟ್ರ ಚೀಟಿ ಇದ್ದಂಗಿದ್ವು. ಔಷಧಿ ಅಂಗಡಿಗೆ ಒಯ್ಯಬೇಕೋ ಏನೋ ತಿಳೀಲಿಲ್ಲ.”

ಸೋದರಮಾವಂದಿರೆಲ್ಲ ಬೇರೆ ಕಡೆ ಮುಖ ತಿರುಗಿಸಿಕೊಂಡರು. ಊಟಕ್ಕೆ ಗಂಡಸರು ಮಕ್ಕಳದೆಲ್ಲ ಒಂದೇ ಪಂಕ್ತಿ; ನವಣೆ ಅನ್ನ, ಶೇಂಗಾ ಚಟ್ನಿ, ಬದನೆಕಾಯಿ, ಮೊಸರು. ಬಡಿಸುವವರ ಮಾತು, ಉಣ್ಣುವವರ ಮಾತು, ಯಾರದೋ ಎಮ್ಮೆಯ ಸುದ್ದಿ, ಯಾರದೋ ಮದುವೆಯ ಸುದ್ದಿ, ಇನ್ನಷ್ಟು ಹಾಕು, ಸಾಕು ಎಂಬ ಗದ್ದಲ. ನನ್ನ ಕಿವಿ ತುಂಬಿಹೋಯಿತು. ಆ ಮನೆಯಲ್ಲಿ ಒಂದು ಪದ್ಧತಿ: ಪಂಕ್ತಿಯಲ್ಲಿ ಕೊನೆಯವರು ಮುಗಿಸುವವರೆಗೂ ಯಾರೂ ಏಳಬಾರದು. ಎಲ್ಲರೂ ಮುಗಿಸಿದರು. ಅಪ್ಪಾಜಿಯ ಎಲೆಯಲ್ಲಿ ಅರ್ಧ ಉಳಿದಿತ್ತು. ಅವರು ಕಣ್ಣು ತಗ್ಗಿಸಿ ಅಗಿಯುತ್ತಿದ್ದರು. ಅಗಿಯುವುದು ತಡವಾಗುತ್ತದೆಂದು ಗೊತ್ತಾದರೂ ನಿಯಮ ಬಿಡಲಾರರು. ಒಂಬತ್ತು ಜನರ ಕೈ ಒಣಗಿ, ಬೆರಳಿಗೆ ಅನ್ನ ಅಂಟಿ ಗಟ್ಟಿಯಾಯಿತು. ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಕ್ ಎಂದರು. ದೊಡ್ಡಮಾವ ಗಂಭೀರವಾಗಿ ಕೇಳಿದರು:

“ಭಾವಾರೇ, ಒಂದು ಗುಂಡುಕಲ್ಲು ತರಿಸ್ಲೇನ್ರಿ? ಅರೆದು ಕೊಡ್ತೀವಿ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೊಸರಿನ ಪಾತ್ರೆ ಹಿಡಿದು ನಿಂತಿದ್ದ ಅವ್ವನೂ ನಕ್ಕಳು. ಪಾತ್ರೆ ಅಲುಗಿ ಮೊಸರು ಅವಳ ಕಾಲ ಮೇಲೆ ಚೆಲ್ಲಿತು. ಅಪ್ಪಾಜಿ ತಲೆ ಎತ್ತಿ ಅವಳನ್ನು ನೋಡಿದರು. ನಗುತ್ತಿರುವ ಹೆಂಡತಿಯನ್ನು ಅವರು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲ ಸಲ. ದವಡೆ ನಿಂತಿತ್ತು. ಆಮೇಲೆ ಬಾಯಲ್ಲಿದ್ದದ್ದನ್ನು ಗುಳಕ್ಕನೆ ನುಂಗಿ, ಉಳಿದದ್ದನ್ನು ನಾಲ್ಕೇ ತುತ್ತಿಗೆ ಮುಗಿಸಿ, ಏಳಿ ಎಂದು ಎಲ್ಲರಿಗೂ ಕೈ ಮಾಡಿದರು.

ಬೆಳಿಗ್ಗೆ ಅವ್ವ ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಬಂದಳು. ಬಸ್ಸು ಬರುವ ಮುಂಚೆ ಅಪ್ಪಾಜಿಗೆ ಕೇಳುವಂತೆ ನನಗೆ ಹೇಳಿದಳು.

“ಬರ್ತೀನಿ ಅಂತ ಹೇಳು ನಿಮ್ಮಪ್ಪಾರಿಗೆ. ಆದ್ರೆ ಬಾಯಿ ಇರೋದು ಬರೀ ಅಗಿಯಾಕಲ್ಲ ಅಂತ್ಲೂ ಹೇಳು. ಇನ್ನೊಂದು ಸಲ ಹೋದ್ರೆ ನಾನು ಬರಾಕಿಲ್ಲ.”

ನಾನು ಅಪ್ಪಾಜಿ ಕಡೆ ತಿರುಗಿದೆ. ಅವರು ರಸ್ತೆಯನ್ನು ನೋಡುತ್ತಾ, “ಕೇಳಿಸ್ತು” ಎಂದರು.

ಮರುದಿನ ಶಾಲೆಯಿಂದ ಬಂದು ನೋಡುತ್ತೇನೆ, ಗೋಡೆಯ ಹಾಳೆ ಹೊಸದು. ಅಂಟು ಇನ್ನೂ ಹಸಿ. ಊಟದ ಸಾಲಿನ ಮೇಲೆ ಇನ್ನೊಂದು ಸಾಲು ಸೇರಿತ್ತು. ಕೆಂಪಿನಲ್ಲಿ, ಏಳು ಇಪ್ಪತ್ತರಿಂದ ಏಳೂವರೆ. ನೀಲಿಯಲ್ಲಿ, ‘ಮಾತು’.

ಆ ಮೊದಲ ಸಂಜೆಯನ್ನು ಹೇಗೆ ಹೇಳಲಿ. ಏಳು ಇಪ್ಪತ್ತಕ್ಕೆ ಮೂವರೂ ಚಾಪೆಯ ಮೇಲೆ ಕೂತೆವು. ತಟ್ಟೆ ಇನ್ನೂ ಹಾಕಿರಲಿಲ್ಲ. ಅಪ್ಪಾಜಿ ಕೈಗಡಿಯಾರ ಬಿಚ್ಚಿ ಮುಂದೆ ನೆಲದ ಮೇಲಿಟ್ಟು, “ಹೂಂ, ಮಾತಾಡ್ರಿ” ಎಂದರು. ಅವ್ವ ಗಡಿಯಾರ ನೋಡಿದಳು. ದಿನವಿಡೀ ಮಾತಾಡುವವಳು, ಬಿಳಿಚೋಡಿನ ಅಂಗಳವನ್ನೆಲ್ಲ ನಗಿಸುವವಳು, ಸೆರಗಿನ ತುದಿ ಹಿಂಡುತ್ತಾ ಕೂತಳು.

“ಸಾರಿಗೆ ಹುಣಸೆ ಸ್ವಲ್ಪ ಜಾಸ್ತಿ ಆತು ಅನ್ಸುತ್ತೆ.”

“ಹುಣಸೆ ಕಮ್ಮಿ ಮಾಡ್ಬೇಕು. ಕೀಲಿಗೆ ಒಳ್ಳೇದಲ್ಲ.”

ಅಲ್ಲಿಗೆ ಮುಗಿಯಿತು. ಕೆಂಡ ಸಿಡಿಯಿತು. ಬಚ್ಚಲು ಹನಿಯಿತು. ಅಪ್ಪಾಜಿ ಬಗ್ಗಿ ನೋಡಿ, “ಇನ್ನೂ ಎಂಟು ನಿಮಿಷ ಐತೆ” ಎಂದರು. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವ್ವನ ಕಣ್ಣು ನಡುಮನೆಯ ಮೊಳೆಗೆ ಹೋಯಿತು. ಅಲ್ಲಿ ನೀಲಿ ಚೀಲ ತೂಗುತ್ತಿತ್ತು, ಒಳಗೆ ಮೂರು ಸೀರೆ ಹಾಗೇ ಇದ್ದವು. ಅವಳು ಬಂದು ಒಂದು ದಿನವಾದರೂ ಅದನ್ನು ಬಿಚ್ಚಿರಲಿಲ್ಲ. ನಾನೂ ಚೀಲ ನೋಡಿದೆ. ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ ಶುರು ಮಾಡಿದ್ದೆ:

“ಇವತ್ತು ಟೈಲರ್ ಅಂಗಡೀಲಿ ಬೆಕ್ಕು ಯೂನಿಫಾರಂ ಮೇಲೆ ಮಲಗಿತ್ತು. ಅದು ಎದ್ದ ಮೇಲೆ ಪಿಟಿ ಚಡ್ಡಿ ತುಂಬ ಕೂದಲು.”

“ಯಾರ ಚಡ್ಡಿ?” ಎಂದರು ಅಪ್ಪಾಜಿ.

“ಗೊತ್ತಿಲ್ಲ. ಆಮೇಲೆ ಅವರು ಅದನ್ನ ಕೊಡವಿ ಕೊಟ್ರು. ಆಮೇಲೆ…”

ಉಳಿದ ಏಳು ನಿಮಿಷ ನಾನೇ ಮಾತಾಡಿದೆ.

ಅಂದಿನಿಂದ ಅದು ನನ್ನ ಕೆಲಸವಾಯಿತು. ಹತ್ತು ನಿಮಿಷ ಎಷ್ಟು ಉದ್ದವೆಂದು ತುಂಬಿಸಬೇಕಾದವರಿಗೇ ಗೊತ್ತು. ಒಂದು ಬೆಕ್ಕು ಒಂದೂವರೆ ನಿಮಿಷಕ್ಕೆ ಆಗುತ್ತದೆ. ದಿನಕ್ಕೆ ಅಂಥ ಸುದ್ದಿ ಆರೇಳು ಬೇಕು. ನಾನು ಶಾಲೆ ಬಿಟ್ಟ ಮೇಲೆ ಗೆಳತಿಯರ ಜೊತೆ ಕುಂಟೆಬಿಲ್ಲೆಗೆ ಹೋಗುವುದು ಬಿಟ್ಟೆ. ಆಟದಲ್ಲಿ ಹೇಳುವಂಥದ್ದೇನೂ ಆಗುವುದಿಲ್ಲ. ಬಸ್ ನಿಲ್ದಾಣ, ಅಂಚೆ ಕಚೇರಿ, ಹಿಟ್ಟಿನ ಗಿರಣಿ ಹೀಗೆ ಸುತ್ತು ಹಾಕಿ ಒಬ್ಬಳೇ ಮನೆಗೆ ಬರುತ್ತಿದ್ದೆ. ಸವಳಂಗದ ಬಸ್ಸಿನಲ್ಲಿ ಕಂಡಕ್ಟರಿನ ಚೀಲದ ಮೇಲೆ ಹುಂಜವೊಂದು ಕೂತು ಬಂದದ್ದು, ಹೋಟೆಲಿನ ಬೋರ್ಡು ಬರೆಯುವವನು ‘ತಿಂಡಿ’ಯ ಸೊನ್ನೆ ಮರೆತು ‘ತಿಡಿ’ ಎಂದು ಬರೆದು ಹೋದದ್ದು. ದಾರಿಯುದ್ದಕ್ಕೂ ತುಟಿ ಅಲುಗಿಸಿಕೊಂಡು ಹೇಳುವ ಕ್ರಮ ಹೊಂದಿಸುತ್ತಿದ್ದೆ. ಎಂಟು ಸಿಕ್ಕ ದಿನ ಎರಡನ್ನು ಭಾನುವಾರಕ್ಕೆ ಉಳಿಸುತ್ತಿದ್ದೆ. ಗೆಳತಿಯೊಬ್ಬಳು ತನ್ನ ಮನೆಯಲ್ಲಿ ಜಗಳವಾಯಿತೆಂದು ಅಳುತ್ತಾ ಹೇಳಿದಾಗ, ಇದು ಎಷ್ಟು ನಿಮಿಷ ಬಂದೀತು ಎಂದು ಅವಳೆದುರೇ ತುಟಿ ಅಲುಗಿಸಿ ಲೆಕ್ಕ ಹಾಕಿದ್ದು ನೆನಪಿದೆ. ಅವಳು ಆಮೇಲೆ ನನ್ನ ಪಕ್ಕ ಕೂರಲಿಲ್ಲ. ಸೂಳೆಕೆರೆ ಮೀನು ಎಂದು ಕೂಗುತ್ತಾ ಬಂದವನ ಸೈಕಲ್ಲಿನ ಹಿಂದೆ ಐದು ಬೆಕ್ಕು ಸಾಲಾಗಿ ನಡೆದು ಹೋದದ್ದನ್ನು ಹೇಳಿದ ದಿನ ಮಾತ್ರ ಅಪ್ಪಾಜಿ ಮುಂದಕ್ಕೆ ಬಾಗಿ ಕೇಳಿದರು.

“ಸಾಲಾಗಿ ಅಂದ್ರೆ? ಒಂದರ ಹಿಂದೆ ಒಂದಾ?”

“ಹೂಂ ಅಪ್ಪಾಜಿ.”

“ಅಂತರ ಸಮ ಇತ್ತಾ?”

“ಕೊನೇದು ಸ್ವಲ್ಪ ಹಿಂದೆ ಇತ್ತು.”

“ಯಾವಾಗ್ಲೂ ಕೊನೇದೇ ಹಿಂದೆ ಬೀಳೋದು” ಎಂದು ಅವರು ಬೇಸರದಿಂದ ತಲೆ ಆಡಿಸಿದರು. ಅವ್ವನ ತುಟಿಯಂಚು ಅಲುಗಿತು. ಆದರೆ ಇಬ್ಬರೂ ನನ್ನ ಕಡೆಗೇ ನೋಡಿ ಮಾತಾಡುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಮೊಳೆಯ ಮೇಲಿನ ಚೀಲ ಖಾಲಿಯಾಗಿರಲಿಲ್ಲ. ಅವ್ವ ಉಡುವ ಸೀರೆಯನ್ನು ಅದರಿಂದ ತೆಗೆದು, ಒಗೆದು ಒಣಗಿಸಿ, ಮಡಚಿ ಮತ್ತೆ ಅದಕ್ಕೇ ಇಡುತ್ತಿದ್ದಳು. ನಾನು ಶಾಲೆಯಿಂದ ಬಂದು ಮೊದಲು ನೋಡುತ್ತಿದ್ದದ್ದು ಅದನ್ನು.

ಆ ವರ್ಷ ಜಡಿಮಳೆ ಹಿಡಿದಾಗ ನನಗೆ ಗಂಟಲು ಬಾತುಕೊಂಡಿತು. ಅಪ್ಪಾಜಿ ಚಮಚದ ಹಿಡಿಯಿಂದ ನಾಲಿಗೆ ಒತ್ತಿ, ಟಾರ್ಚು ಬಿಟ್ಟು, “ಆ ಅನ್ನು” ಎಂದರು. ನನ್ನಿಂದ ‘ಆ’ ಕೂಡ ಬರಲಿಲ್ಲ. ಉಪ್ಪುನೀರಿನಲ್ಲಿ ಗಂಟಲು ಗುಳುಗುಳು ಮಾಡುವುದು ಮೂರು ಹೊತ್ತು, ಅರಿಸಿನ ಮೆಣಸಿನ ಹಾಲು ಎರಡು ಹೊತ್ತು. ಮೂರು ದಿನ ಮಾತು ಬಂದ್. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ‘ಗೌರಿ: ಮೌನ’ ಎಂದೂ ಬರೆದರು. ನಾನು ಕೈ ಬೀಸಿದೆ, ಬೇಡ ಎಂದು ತಲೆ ಆಡಿಸಿದೆ. ಗಂಟಲಿಗೂ ವಿಶ್ರಾಂತಿ ಬೇಕು ಎಂದು ಕಂಬಳಿ ಹೊದಿಸಿ ನಡುಮನೆಯಲ್ಲಿ ಮಲಗಿಸಿದರು. ಅಲ್ಲಿಂದ ಅಡಿಗೆಮನೆಯ ಚಾಪೆಯ ಒಂದು ಮೂಲೆ ಮಾತ್ರ ಕಾಣುತ್ತಿತ್ತು.

ಮೊದಲ ಸಂಜೆ ಏಳು ಇಪ್ಪತ್ತಕ್ಕೆ ಗಡಿಯಾರ ನೆಲಕ್ಕಿಟ್ಟ ಸದ್ದು. ಆಮೇಲೆ ಏನೂ ಇಲ್ಲ. ನಾನು ಕಂಬಳಿಯೊಳಗೆ ಮುಷ್ಟಿ ಬಿಗಿಹಿಡಿದು ಕಾದೆ. “ಹಾಲು ಒಡೀತು” ಎಂದಳು ಅವ್ವ. “ಹೂಂ” ಎಂದರು ಅಪ್ಪಾಜಿ. ಹೆಂಚಿನ ಮೇಲೆ ಮಳೆ. ಒಂದೇ ಸಮ ಮಳೆ. ತಟ್ಟೆ ಹಾಕುವ ಸದ್ದು ಬಂದಾಗ ನನ್ನ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ನಾಳೆ ಬೆಳಿಗ್ಗೆ ಏಳುವಷ್ಟರಲ್ಲಿ ಮೊಳೆ ಖಾಲಿ ಇರುತ್ತದೆ ಎಂದೇ ಅಂದುಕೊಂಡೆ. ಬೆಳಿಗ್ಗೆ ಚೀಲ ಇತ್ತು.

ಎರಡನೇ ಸಂಜೆಯೂ ಗಡಿಯಾರದ ಸದ್ದು, ಮಳೆ. ಬಹಳ ಹೊತ್ತಾದ ಮೇಲೆ ಅಪ್ಪಾಜಿ ಕೆಮ್ಮಿದರು. ತರಗತಿಯಲ್ಲಿ ಪಾಠ ಶುರು ಮಾಡುವ ಮುಂಚಿನ ಕೆಮ್ಮು.

“ಇವತ್ತು ಫೀಲ್ಡ್‌ನಾಗೆ ಉದ್ದ ಜಿಗಿತ ಹೇಳಿಕೊಡ್ತಿದ್ದೆ.”

“ಹೂಂ.”

“ಮಳೆ ಬಂದು ನೆಲ ಜಾರ್ತಿತ್ತು. ನಾನೇ ಜಿಗಿದು ತೋರಿಸ್ದೆ. ಪ್ಯಾಂಟು ಹರೀತು.”

“ಎಲ್ಲಿ?”

“ಎಲ್ಲಿ ಅಂದ್ರೆ… ಹಿಂದೆ.”

ಮಳೆಯ ಸದ್ದು. ಆಮೇಲೆ ಅವ್ವ, ಉಸಿರು ಬಿಗಿಹಿಡಿದ ದನಿಯಲ್ಲಿ:

“ಹುಡ್ರು ನೋಡಿದ್ರಾ?”

“ನಲವತ್ತು ಜನ.”

“ಮತ್ತೆ ಮನೀತಂಕ ಹೆಂಗೆ ಬಂದ್ರಿ?”

“ಹಾಜರಿ ಪುಸ್ತಕ ಹಿಂದೆ ಹಿಡ್ಕಂಡು. ಬೆನ್ನು ನೆಟ್ಟಗೆ ಮಾಡಿ.”

ಬಿಳಿಚೋಡಿನ ಅಂಗಳದ ನಗು ನ್ಯಾಮತಿಯ ಅಡಿಗೆಮನೆಯಲ್ಲಿ ಮೊದಲ ಸಲ ಎದ್ದಿತು. ಅದರ ಹಿಂದೆ ಇನ್ನೊಂದು, ಒರಟಾದ, ಅಭ್ಯಾಸ ತಪ್ಪಿದ ನಗು. ಅದು ಅಪ್ಪಾಜಿಯದೆಂದು ಗುರುತು ಹಿಡಿಯಲು ನನಗೆ ಕ್ಷಣ ಬೇಕಾಯಿತು. ನಗಲು ನನಗೂ ಆಸೆ. ದನಿ ಬಳಸಬಾರದಾಗಿತ್ತು. ಕಂಬಳಿಯ ಅಂಚು ಕಚ್ಚಿಕೊಂಡು ಸುಮ್ಮನೆ ಅಲುಗಿದೆ. ಏಳೂವರೆ ದಾಟಿತು, ಅಪ್ಪಾಜಿ ಹೇಳಲಿಲ್ಲ. ಅವ್ವ ಏನೋ ಕೇಳಿದಳು, ಅವರು ಏನೋ ಹೇಳಿದರು. ದನಿ ತಗ್ಗಿತು, ಮಾತು ನನಗೆ ತಿಳಿಯಲಿಲ್ಲ. ಅವರಿಬ್ಬರೂ ನನಗೆ ಹಾಲು ಕೊಡುವುದನ್ನು ಮರೆತರು. ಮೂರನೇ ದಿನ ಮಧ್ಯಾಹ್ನ ಮಳೆ ಹೊಳವಾದಾಗ ಅವ್ವ ನೀಲಿ ಚೀಲವನ್ನು ಒಗೆದು ತಿರುವಿ, ಹಿತ್ತಲ ತಂತಿಗೆ ಹಾಕಿದ್ದಳು. ಸೀರೆಗಳು ಟ್ರಂಕಿನಲ್ಲಿದ್ದವು.

ನಾಲ್ಕನೇ ದಿನ ನನ್ನ ಗಂಟಲು ತೆರೆಯಿತು. ಆ ಮೂರು ದಿನದ್ದು ಏನೂ ಸಂಗ್ರಹವಿರಲಿಲ್ಲ, ಹಾಗಾಗಿ ಆ ಸಂಜೆ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗಿ, ಒಂದೇ ಒಂದು ಒಳ್ಳೆಯದನ್ನು ತಂದಿದ್ದೆ. ಇಂಥದ್ದು ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಏಳು ಇಪ್ಪತ್ತಕ್ಕೆ ಮುಂಚೆಯೇ ಹೋಗಿ ಚಾಪೆಯ ಮೇಲೆ ನನ್ನ ಜಾಗದಲ್ಲಿ ಕೂತೆ. ಅಪ್ಪಾಜಿ ಗಡಿಯಾರ ಬಿಚ್ಚಲಿಲ್ಲ. ಬರುತ್ತಲೇ ಏನೋ ಹೇಳುತ್ತಾ ಬಂದರು, ರುದ್ರಣ್ಣ ಸಾವ್ಕಾರರು ಮಿರ್ಚಿ ಅಂಗಡಿಯ ಹಿಂಬಾಗಿಲಿನಿಂದ ಹೊರಬರುತ್ತಾ ಅವರ ಕೈಗೆ ಸಿಕ್ಕಿಬಿದ್ದ ಕಥೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಅವರ ಕಡೆ ಪೂರ್ತಿ ತಿರುಗಿ ಕೂತಳು. ಅವರು ಉಸಿರು ತೆಗೆದುಕೊಂಡಾಗ ನಾನು ನನ್ನದನ್ನು ಶುರು ಮಾಡಿದೆ.

“ಅವ್ವಾ, ಇವತ್ತು ಗಿರಣಿ ಹತ್ರ…”

“ತಡಿಯೇ ಸ್ವಲ್ಪ,” ಎಂದಳು ಅವ್ವ, ನನ್ನ ಕಡೆ ನೋಡದೆ. “ನಿಮ್ಮಪ್ಪಾರು ಏನೋ ಹೇಳ್ತಾ ಅದಾರೆ.”

ನಾನು ತಡೆದೆ. ಕಥೆ ಮುಗಿಯಿತು, ಇನ್ನೊಂದು ಬಂತು, ತಟ್ಟೆ ಬಂತು. ಆಮೇಲೆ ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರುದಿನ ಶಾಲೆ ಬಿಟ್ಟ ಮೇಲೆ ಕುಂಟೆಬಿಲ್ಲೆ ಆಡುವವರ ಹತ್ತಿರ ಹೋಗಿ ನಿಂತೆ. ಅವರಿಗೆ ಜೋಡಿ ಸರಿಯಿತ್ತು. ಅಭ್ಯಾಸಬಲದಿಂದ ಬಸ್ ನಿಲ್ದಾಣದ ಸುತ್ತಲಿನ ದಾರಿ ಹಿಡಿದೆ. ಈಗಲೂ ಈ ಊರಿನಲ್ಲಿ ಅಂಥದೇ ಸುತ್ತುದಾರಿ ಹಿಡಿಯುತ್ತೇನೆ, ನೋಡಿದ್ದನ್ನು ನಿಮಿಷಕ್ಕೆ ಹೊಂದಿಸಿ ಇಡುತ್ತೇನೆ, ಕೇಳುವವರಿಲ್ಲದಿದ್ದರೂ.

ಅಂದು ಹೇಳದೆ ಉಳಿದದ್ದು ಇಷ್ಟೇ. ಗಿರಣಿಯ ಬಸಣ್ಣ ಹುಬ್ಬಿನಿಂದ ಹಿಡಿದು ಮೀಸೆಯವರೆಗೆ ಹಿಟ್ಟು ಹಿಡಿದು, ಮುದುಕನಂತೆ ಬೆಳ್ಳಗೆ ನಿಂತಿದ್ದ. ನನ್ನ ಡಬ್ಬಿ ಇಸಿದುಕೊಳ್ಳುವಾಗ ಜೋರಾಗಿ ಒಂದು ಸೀನು ಸೀನಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಅವನ ಮೀಸೆ ಮಾತ್ರ ಕರ್ರಗಾಗಿಬಿಟ್ಟಿತು.